ಹಬ್ಬದ ರಜೆಯನ್ನೂ ರೇಟಿನಲ್ಲಿ ಸೇರಿಸಿ

ಚನ್ನಗಿರಿಯಲ್ಲಿ ಕೂತು ವಿಡಿಯೋ ಎಡಿಟ್ ಮಾಡೋರು, ಹೊನ್ನಾಳಿಯಲ್ಲಿ ಪೋಸ್ಟರ್ ಡಿಸೈನ್ ಮಾಡೋರು, ನ್ಯಾಮತಿ, ಜಗಳೂರಿನಿಂದಲೇ ಬೆಂಗಳೂರಿನ ಕ್ಲೈಂಟ್‌ಗೆ ಕೆಲಸ ಕಳಿಸೋರು, ಇವತ್ತಿನ ಮಾತು ನಿಮಗೆ.

ಫ್ರೀಲಾನ್ಸ್ ಅಂದ್ರೆ ನಮಗೆ ನಾವೇ ಬಾಸ್ ಅಂತೀವಿ. ಆದ್ರೆ ದೀಪಾವಳಿ ಬಂತು ಅಂದ್ರೆ ಅಂಗಡಿಗಳ ಆಫರ್ ಪೋಸ್ಟರ್, ರೀಲ್ಸ್ ಎಲ್ಲ ಒಟ್ಟಿಗೇ ಬರ್ತವೆ. ಮನೇಲಿ ಹಬ್ಬದ ಕೆಲಸ. ಚನ್ನಗಿರಿ ಕಡೆ ಅಡಿಕೆ ಸುಲಿಯೋದೂ ಅದೇ ಹೊತ್ತಿಗೆ. ‘ಮನೇಲೇ ಇದ್ದೀಯಲ್ಲಪ್ಪಾ, ಸ್ವಲ್ಪ ಬಾ’ ಅಂತ ಅಪ್ಪ ಕರೀತಾರೆ. ‘ಮನೇಲೇ ಇದ್ದೀರಲ್ಲ, ಒಂದು ಸಣ್ಣ ಚೇಂಜ್’ ಅಂತ ಕ್ಲೈಂಟ್ ಮೆಸೇಜ್ ಹಾಕ್ತಾರೆ.

ಕಾರ್ಖಾನೆ, ಕಂಪನಿಗಳಲ್ಲಿ ಇರೋರಿಗೆ ನಮ್ಮ ರಾಜ್ಯದಲ್ಲಿ 1963ರಿಂದಲೇ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಇನ್ನೂ 5 ರಜೆ. ಒಟ್ಟು 10 ದಿನ, ಸಂಬಳ ಸಹಿತ. ಆ ದಿನ ಕೆಲಸ ಮಾಡಿಸಿದ್ರೆ ಎರಡು ಪಟ್ಟು ಕೂಲಿ, ಇಲ್ಲಾ ಕೂಲಿ ಜೊತೆ ಬದಲಿ ರಜೆ. ನೇರವಾಗಿ ಕ್ಲೈಂಟ್ ಹತ್ರ ಕೆಲಸ ಹಿಡಿಯೋ ನಮಗೆ ಇದು ಸಿಗಲ್ಲ. 2025ರ ಗಿಗ್ ಕಾರ್ಮಿಕರ ಕಾಯ್ದೆಯೂ ಆ್ಯಪ್, ಪ್ಲಾಟ್‌ಫಾರ್ಮ್ ಮೂಲಕ ದುಡಿಯೋರಿಗೆ ಮಾತ್ರ.

ಹಾಗಾದ್ರೆ ಆ ನಿಯಮವನ್ನ ನಾವೇ ನಮಗೆ ಹಾಕ್ಕೊಳ್ಳೋಣ. ಲೆಕ್ಕ ನೋಡಿ. ವರ್ಷಕ್ಕೆ ನಿಮಗೆ 3 ಲಕ್ಷ ಬೇಕು ಅಂತಿಟ್ಕೊಳ್ಳಿ. 365 ದಿನಕ್ಕೆ ಭಾಗ ಮಾಡಿದ್ರೆ ದಿನಕ್ಕೆ ಸುಮಾರು 822 ರೂಪಾಯಿ. 52 ಭಾನುವಾರ, 10 ಹಬ್ಬ ಕಳೆದ್ರೆ ಉಳಿಯೋದು 303 ದಿನ. ಆಗ ದಿನದ ರೇಟು 990. ಈ 168 ರೂಪಾಯಿನೇ ನಿಮ್ಮ ರಜೆಯ ಸಂಬಳ. ಅದನ್ನ ಕೇಳದೇ ಇದ್ರೆ, ರಜೆ ಹಾಕಿದ ದಿನವೆಲ್ಲ ಕೈಯಿಂದ ಕಳ್ಕೊಂಡ ಹಾಗೆ.

ಇನ್ನೊಂದು ಮಾತು. ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆ ಫೆಬ್ರವರಿಯಲ್ಲಿ ಅಂತ ನ್ಯಾಮತಿಯೋರಿಗೆ ಗೊತ್ತು, ದೂರದ ಕ್ಲೈಂಟ್‌ಗೆ ಹೇಗೆ ಗೊತ್ತಾಗ್ಬೇಕು? ಕೆಲಸ ಒಪ್ಕೊಳ್ಳುವಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹಾಕಿ: ಈ ದಿನಗಳಲ್ಲಿ ನಾನು ಸಿಗಲ್ಲ, ತಿದ್ದುಪಡಿ ಇದ್ರೆ ಎರಡು ದಿನ ಮೊದಲೇ ಕಳಿಸಿ, ಹಬ್ಬದ ದಿನವೇ ಬೇಕು ಅಂದ್ರೆ ಎರಡು ಪಟ್ಟು.

ದುಡ್ಡಿನ ಅಡಚಣೆ ಇದ್ದು ಆ ಕೆಲಸ ಬಿಡೋಕಾಗ್ಲಿಲ್ವಾ? ಮಾಡಿ. ಆದ್ರೆ ಬದಲಿ ರಜೆ ಯಾವತ್ತು ಅಂತ ಅವತ್ತೇ ಗುರುತು ಹಾಕಿ, ಮನೆಯೋರಿಗೂ ಹೇಳಿಬಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.