ಜಾಲರಿ ಹೇಳುವ ನೀರಿನ ಸುದ್ದಿ

ನಿಮ್ಮ ಮನೆಯಲ್ಲಿ ಪೂರ್ಣ ಸ್ವಯಂಚಾಲಿತ ವಾಷಿಂಗ್ ಮೆಷಿನ್ ಇದ್ದರೆ ಅದರ ಹಿಂಬದಿಯನ್ನು ಎಂದಾದರೂ ನೋಡಿದ್ದೀರಾ? ನಲ್ಲಿಯಿಂದ ಬಂದ ಪೈಪು ಯಂತ್ರವನ್ನು ಸೇರುವ ಬಾಯಿಯೊಳಗೆ, ಹೆಬ್ಬೆರಳ ಉಗುರಿನಷ್ಟು ಅಗಲದ ಪುಟ್ಟ ಜಾಲರಿ ಕುಳಿತಿರುತ್ತದೆ. ಪುತ್ತೂರು, ಸುಳ್ಯ, ಕಡಬದ ಕಡೆ ಯಂತ್ರಕ್ಕೆ ನೀರು ತುಂಬದೆ ಕೆಲಸ ನಿಂತರೆ ಮೊದಲು ಪರೀಕ್ಷಿಸಬೇಕಾದ ಭಾಗಗಳಲ್ಲಿ ಇದೂ ಒಂದು. ಎಲ್‌ಜಿ ಯಂತ್ರಗಳು ಆಗ ‘ಐಇ’ ಎಂದೂ, ಸ್ಯಾಮ್‌ಸಂಗ್ ಯಂತ್ರಗಳು ‘4ಸಿ’ ಅಥವಾ ‘4ಇ’ ಎಂದೂ ಸೂಚನೆ ಕೊಡುತ್ತವೆ.

ಈ ಜಾಲರಿಯಲ್ಲಿ ಸಿಕ್ಕಿಕೊಳ್ಳುವುದು ಏನು? ಅದನ್ನು ತಿಳಿಯಲು ನಮ್ಮ ನೀರಿನ ಮೂಲವನ್ನು ನೋಡಬೇಕು. ಪುತ್ತೂರು ಪೇಟೆಗೆ ಉಪ್ಪಿನಂಗಡಿ ಬಳಿಯ ನೆಕ್ಕಿಲಾಡಿಯಿಂದ ಕುಮಾರಧಾರೆಯ ನೀರು ಬರುತ್ತದೆ. ಸುಳ್ಯ ಪೇಟೆಗೆ ಪಯಸ್ವಿನಿ ಆಸರೆ. ಜೂನ್ ತಿಂಗಳ ಮಳೆಗೆ ಈ ಹೊಳೆಗಳು ಕೆಂಪಾಗಿ ಹರಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಹಳ್ಳಿಯ ತೋಟದ ಮನೆಗಳಲ್ಲಿ ತೆರೆದ ಬಾವಿ, ಕೊಳವೆಬಾವಿ, ಕೆಲವೆಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಇನ್ನು ಕೆಲವೆಡೆ ಕಾಡಿನ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಒರತೆಯ ನೀರಿನಲ್ಲಿ ಎಲೆಯ ಚೂರು, ಬಾವಿಯ ನೀರಿನಲ್ಲಿ ಸಣ್ಣ ಮರಳು, ಮುಚ್ಚಳ ಸರಿಯಿಲ್ಲದ ಟ್ಯಾಂಕಿಯಲ್ಲಿ ಪಾಚಿ.

ಕೊಳವೆಬಾವಿಯ ನೀರಿನ ಕಥೆ ಸ್ವಲ್ಪ ಬೇರೆ. ನಮ್ಮ ನೆಲದ ಕೆಂಪುಕಲ್ಲು ಅಥವಾ ಮುರಕಲ್ಲು ಕಬ್ಬಿಣದಿಂದ ಸಮೃದ್ಧ. ಗಾಳಿ ತಾಗದ ಆಳದಲ್ಲಿ ಕಬ್ಬಿಣವು ಫೆರಸ್ ರೂಪದಲ್ಲಿ ನೀರಿನಲ್ಲಿ ಕರಗಿರಬಲ್ಲದು. ಆಗ ನೀರು ತಿಳಿಯಾಗಿಯೇ ಕಾಣುತ್ತದೆ. ಮೇಲೆ ಬಂದು ಗಾಳಿಯ ಆಮ್ಲಜನಕ ಸೇರಿದಾಗ ಅದು ಫೆರಿಕ್ ರೂಪಕ್ಕೆ ತಿರುಗಿ, ಕರಗದ ಕೆಂಪು ಕಂದು ಕೆಸರಾಗುತ್ತದೆ. ಲೋಟದಲ್ಲಿ ಸ್ವಚ್ಛವಾಗಿದ್ದ ನೀರು ಟ್ಯಾಂಕಿಯ ತಳದಲ್ಲಿ ಕೆಂಪು ಬಿಡುವುದು ಹೀಗೆ.

ಇನ್ನು ಒತ್ತಡದ ಲೆಕ್ಕ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕಿ ಯಂತ್ರಕ್ಕಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಹಲವು ಯಂತ್ರಗಳ ಕೈಪಿಡಿಗಳು ಕನಿಷ್ಠ 0.5 ಬಾರ್ ಕೇಳುತ್ತವೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಜಾಲರಿಯ ಅರ್ಧ ರಂಧ್ರಗಳು ಮುಚ್ಚಿದರೂ ಯಂತ್ರ ಬಳಲುತ್ತದೆ.

ಹಾಗಾದರೆ ಜಾಲರಿಯನ್ನೇ ಕಿತ್ತೆಸೆಯಬಾರದೇ ಎಂದು ನೀವು ಕೇಳಬಹುದು. ಹಾಗೆ ಮಾಡುವವರೂ ಇದ್ದಾರೆ. ನೀರು ಆಗ ಧಾರಾಳವಾಗಿ ನುಗ್ಗುತ್ತದೆ, ನಿಜ. ಆದರೆ ಜಾಲರಿಯ ಹಿಂದೆ ವಿದ್ಯುತ್ತಿನಿಂದ ತೆರೆಯುವ ವಾಲ್ವ್ ಇದೆ. ಅದರಲ್ಲಿರುವುದು ಒಂದು ರಬ್ಬರ್ ಪೊರೆ, ಪೊರೆಯಲ್ಲಿ ಸೂಜಿಮೊನೆಯಂಥ ರಂಧ್ರ. ವಿದ್ಯುತ್ತು ನಿಂತೊಡನೆ ನೀರು ಈ ರಂಧ್ರದ ಮೂಲಕ ಪೊರೆಯ ಮೇಲ್ಬದಿಗೆ ಬಂದು ಒತ್ತುತ್ತದೆ, ದಾರಿ ಮುಚ್ಚುತ್ತದೆ. ಮುಚ್ಚುವ ಶಕ್ತಿ ನೀರಿನದೇ! ಒಂದು ಮರಳಿನ ಕಣ ಆ ರಂಧ್ರಕ್ಕೆ ಅಡ್ಡ ಕುಳಿತರೆ ವಾಲ್ವ್ ಮುಚ್ಚದು. ಯಂತ್ರದ ಸ್ವಿಚ್ ಆರಿಸಿದರೂ ನೀರು ಸುರಿಯುತ್ತಲೇ ಇರುತ್ತದೆ. ರಾತ್ರಿ ಹೀಗಾದರೆ ಬೆಳಗಾಗುವುದರೊಳಗೆ ಟ್ಯಾಂಕಿ ಬರಿದು, ಕೋಣೆ ಜಲಮಯ. ಬಾವಿಯ ತಳ ಕಾಣುವ ಏಪ್ರಿಲ್ ತಿಂಗಳಲ್ಲಿ ಒಂದು ಟ್ಯಾಂಕಿ ನೀರಿನ ಬೆಲೆ ನಿಮಗೇ ಗೊತ್ತು. ಜಾಲರಿ ಕಾವಲುಗಾರ, ಅವನನ್ನು ತೆಗೆದು ಬಾಗಿಲು ತೆರೆದಿಡುವುದು ಜಾಣತನವಲ್ಲ.

ಶುಚಿ ಮಾಡುವುದು ಹತ್ತು ನಿಮಿಷದ ಕೆಲಸ. ಮನೆಯ ಹಿರಿಯರಿಗೆ ತಿಳಿಸಿ, ಅವರ ಜೊತೆಯಲ್ಲೇ ಮಾಡಿ. ಮೊದಲು ಪ್ಲಗ್ಗನ್ನು ಕಿತ್ತು ಬದಿಗಿಡಿ. ನಲ್ಲಿ ಮುಚ್ಚಿ. ಪೈಪಿನೊಳಗೆ ಉಳಿದ ನೀರಿಗಾಗಿ ಕೆಳಗೆ ಬಕೆಟ್ ಇಡಿ. ಯಂತ್ರದ ಹಿಂದಿನ ತಿರುಪನ್ನು ಕೈಯಿಂದ ಬಿಚ್ಚಿ. ಜಾಲರಿಯ ನಡುವೆ ಚಿಕ್ಕ ಹಿಡಿ ಕಾಣುತ್ತದೆ. ಅದನ್ನು ಇಕ್ಕಳದಿಂದ ಮೆಲ್ಲಗೆ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹರಿಯುವ ನೀರಿನಲ್ಲಿ ಉಜ್ಜಿ. ಕೆಂಪು ಕಲೆ ಬಿಡದಿದ್ದರೆ ನಿಂಬೆರಸ ಹಿಂಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಕರಗಿಸಿ ಹಿಡಿದುಕೊಳ್ಳುತ್ತದೆ. ಬಿಸಿನೀರಿನ ಸಂಪರ್ಕವೂ ಇರುವ ಯಂತ್ರದಲ್ಲಿ ಎರಡು ಜಾಲರಿಗಳಿರುತ್ತವೆ. ಕೆಲವು ಪೈಪುಗಳ ನಲ್ಲಿಯ ತುದಿಯಲ್ಲೂ ಒಂದು ಇರುವುದುಂಟು.

ಈಗ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಕಣ್ಣು ಹರಿದಿದ್ದರೂ, ಅಂಚು ಬಿರುಕು ಬಿಟ್ಟಿದ್ದರೂ ಬದಲಿಸಬೇಕು. ಹಳೆಯದನ್ನೇ ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತನ್ನಿ. ಬಿಡಿಯಾಗಿ ಸಿಗದ ಮಾದರಿಗಳಲ್ಲಿ ವಾಲ್ವನ್ನೇ ಬದಲಿಸಬೇಕಾದೀತು. ಅದು ಮೆಕ್ಯಾನಿಕ್ ಮಾಡುವ ಕೆಲಸ. ಜಾಲರಿಯ ಬದಲು ಬಟ್ಟೆಯ ಚೂರು ತುರುಕಬೇಡಿ. ಮತ್ತೆ ಜೋಡಿಸುವಾಗ ಪೈಪಿನೊಳಗಿನ ರಬ್ಬರ್ ವಾಷರ್ ಸರಿಯಾಗಿ ಕುಳಿತಿದೆಯೇ ನೋಡಿ, ತಿರುಪನ್ನು ಕೈಯಿಂದಲೇ ಬಿಗಿ ಮಾಡಿ. ನಲ್ಲಿ ತೆರೆದು ಎಲ್ಲಿಯೂ ತೊಟ್ಟಿಕ್ಕುತ್ತಿಲ್ಲವೆಂದು ಖಚಿತವಾದ ಮೇಲೆ ಪ್ಲಗ್ ಹಾಕಿ.

ತೆಗೆದ ಕೊಳೆಯನ್ನು ಚೆಲ್ಲುವ ಮೊದಲು ಬಿಳಿ ತಟ್ಟೆಯಲ್ಲಿ ಹರಡಿ. ಬೆರಳಿಗೆ ಒರಟಾಗಿ ತಾಗಿದರೆ ಮರಳು; ಬಾವಿಯ ಪಂಪಿನ ತಳವಾಲ್ವು ಕೆಸರಿಗೆ ತೀರ ಹತ್ತಿರವಿರಬಹುದು. ಹಸಿರು ನೂಲಿನಂತಿದ್ದರೆ ಪಾಚಿ. ಟ್ಯಾಂಕಿಯೊಳಗೆ ಬೆಳಕು ಬೀಳುತ್ತಿದೆ. ನುಣುಪಾದ ಕೆಂಪು ಕೆಸರಿಗೆ ನಿಂಬೆರಸ ಹಾಕಿದಾಗ ಬಣ್ಣ ತಿಳಿಯಾದರೆ ಕಬ್ಬಿಣ ಇರುವ ಸಾಧ್ಯತೆ ಹೆಚ್ಚು; ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಖಚಿತಪಡಿಸಿಕೊಳ್ಳಿ. ಕೊಳೆ ಬೇಗ ಬೇಗ ತುಂಬುತ್ತಿದ್ದರೆ ಯಂತ್ರಕ್ಕೆ ಮೊದಲೇ ದೊಡ್ಡ ಫಿಲ್ಟರ್ ಕೂರಿಸುವುದು ಒಳ್ಳೆಯದು. ಅದರ ವಿಸ್ತೀರ್ಣ ಹೆಚ್ಚು, ಆದ್ದರಿಂದ ಕಟ್ಟಿಕೊಳ್ಳುವುದು ನಿಧಾನ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಜಾಲರಿ ತೆಗೆದು ನೋಡಿ. ದಿನಾಂಕ, ಕೊಳೆಯ ಬಣ್ಣ, ಯಂತ್ರ ತುಂಬಲು ಹಿಡಿದ ನಿಮಿಷ, ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷ ಕಳೆಯುವಾಗ ನಿಮ್ಮ ಮನೆಯ ನೀರಿನ ಇತಿಹಾಸ ನಿಮ್ಮ ಕೈಯಲ್ಲಿರುತ್ತದೆ. ಶಾಲೆಯ ವಿಜ್ಞಾನ ಸಂಘದಲ್ಲಿ ಹತ್ತು ಮಂದಿ ಹೀಗೆ ಬರೆದಿಟ್ಟರೆ ಅದು ಊರಿನ ನೀರಿನ ಇತಿಹಾಸವೂ ಆದೀತು.