ಎರಡು ಗಡಿಯಾರ, ಒಂದು ಗಳಿಗೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯ ಗುಮಾಸ್ತನಿಗೆ ಯಂತ್ರವಿಜ್ಞಾನದ ಉಸಾಬರಿ ಏಕೆಂದು ತಾವು ಕೇಳಬಹುದು. ಹಾಜರಿ ಬರೆಯುವವನಿಗೆ ಗಡಿಯಾರಕ್ಕಿಂತ ಹತ್ತಿರದ ವಿಷಯ ಯಾವುದಿದೆ? ಸಿನ್ನರಿನ ಮಾಳೇಗಾವ್, ಮುಸಳಗಾವ್ ಕಡೆ ದುಡಿಯುವ ನಮ್ಮವರಿಗೆಲ್ಲ ಇದು ಹೊಟ್ಟೆಪಾಡಿನ ಮಾತು. ಈಗ ಪ್ರತಿಯೊಂದು ಯಂತ್ರವೂ ತನ್ನ ಲೆಕ್ಕವನ್ನು ತಾನೇ ಬರೆದು, ಸಾಲಿನ ಮುಂದೆ ವೇಳೆಯನ್ನೂ ಹಾಕುತ್ತದೆ. ಆ ವೇಳೆ ಅದರ ಒಳಗಿನ ಗಡಿಯಾರ ಹೇಳಿದ್ದು. ಪಕ್ಕದ ಯಂತ್ರವನ್ನು ಅದು ಕೇಳಿಕೊಂಡಿರುವುದಿಲ್ಲ.

ನಾನು ಬಲ್ಲ ಒಂದು ಗಿರಣಿಯಲ್ಲಿ ಒಬ್ಬ ನೇಕಾರನ ಅರ್ಧ ದಿನದ ಕೂಲಿ ಹೋಗುವುದರಲ್ಲಿತ್ತು. ಪಾಳಿ 7 ಗಂಟೆಗೆ. ಆತ 7 ಗಂಟೆ 6 ನಿಮಿಷಕ್ಕೆ ಬಂದನೆಂದು ಗೇಟಿನ ಯಂತ್ರ ಹೇಳಿತು. ಆತನ ಮಗ್ಗ 7 ಗಂಟೆ 2 ನಿಮಿಷಕ್ಕೇ ಚಾಲೂ ಆಯಿತೆಂದು ಮಗ್ಗದ ಯಂತ್ರ ಹೇಳಿತು. ಬರುವ ಮೊದಲೇ ನೇಯ್ದನೇ? ಅಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಗೇಟಿನಲ್ಲಿ ಅದು 2 ಗಂಟೆ 19ಕ್ಕೆ ದಾಖಲಾಗಿದೆ, ಮಗ್ಗದಲ್ಲಿ 2 ಗಂಟೆ 10ಕ್ಕೆ. ಎರಡರ ನಡುವೆ 9 ನಿಮಿಷ! ಯಾವುದು ಸರಿಯೆಂಬುದನ್ನು ಮಾತ್ರ ಮೂರನೆಯ ಗಡಿಯಾರವೇ ಹೇಳಬೇಕು. ಮೊಬೈಲಿನ ವೇಳೆಗೆ ತಾಳೆ ನೋಡಿದಾಗ ಮಗ್ಗದ್ದು ಸರಿ, ಗೇಟಿನದು ಮುಂದೆ. ಆತ ಬಂದದ್ದು 6 ಗಂಟೆ 57ಕ್ಕೆ, ಕೂಲಿ ಉಳಿಯಿತು.

ಇಂಥ ಅಂತರ ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಸ್ಫಟಿಕದ ಗಡಿಯಾರ 10 ಲಕ್ಷ ಸೆಕೆಂಡಿಗೆ 20 ಸೆಕೆಂಡು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಮುಕ್ಕಾಲು ನಿಮಿಷಕ್ಕೂ ಹೆಚ್ಚು. ಸೆಕೆ ಚಳಿಗಳಿಗೆ ಅದೂ ಬದಲಾಗುತ್ತದೆ. ಆದಕಾರಣ ಒಮ್ಮೆ ತಾಳೆ ನೋಡಿದರೆ ಸಾಲದು. ತಿಂಗಳ ಮೊದಲಿಗೂ ಕೊನೆಗೂ ನೋಡಿ, ವ್ಯತ್ಯಾಸವನ್ನು ನಡುವಿನ ದಿನಗಳಿಗೆ ಹಂಚಬೇಕು.

ವೇಳೆಯ ಜಗಳ ಗಿರಣಿಗಳಿಗೆ ಹೊಸದಲ್ಲ. 1906ರ ಜನವರಿ 1ರಂದು ಭಾರತದ ಪ್ರಮಾಣ ಕಾಲ ಜಾರಿಗೆ ಬಂದಾಗ ಮುಂಬಯಿಯ ಸ್ಥಳೀಯ ವೇಳೆ ಅದಕ್ಕಿಂತ 39 ನಿಮಿಷ ಹಿಂದಿತ್ತು. ಹೊಸ ಗಡಿಯಾರದ ವಿರುದ್ಧ ಆ ತಿಂಗಳಲ್ಲೇ ಜೇಕಬ್ ಸಸೂನ್ ಗಿರಣಿಯ ಕೆಲಸಗಾರರು ಎದ್ದರು. ಮುಂದೆ ದಶಕಗಳ ಕಾಲ ಆ ಊರಿನಲ್ಲಿ ರೈಲಿಗೊಂದು ವೇಳೆ, ನಗರಸಭೆಗೊಂದು ವೇಳೆ. ತೊಡಕೇನೋ ಇತ್ತು, ಆದರೆ ಅಂತರ 39 ನಿಮಿಷವೆಂದು ಎಲ್ಲರಿಗೂ ಗೊತ್ತಿತ್ತಾಗಿ ಕೆಲಸ ನಡೆಯಿತು. ಗೊತ್ತಿಲ್ಲದ 9 ನಿಮಿಷಕ್ಕಿಂತ ಗೊತ್ತಿರುವ 39 ನಿಮಿಷವೇ ಲೇಸು ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಕೆಲಸಗಳಲ್ಲಿ ಇಷ್ಟೂ ಸಲ್ಲದು. ನಮ್ಮ ಗೌರಿಬಿದನೂರಿನಲ್ಲಿ ಭೂಕಂಪನವನ್ನು ಆಲಿಸುವ ಉಪಕರಣಗಳ ಸಾಲೇ ಇದೆ. ನೆಲದೊಳಗಿನ ಅಲೆ ಸೆಕೆಂಡಿಗೆ ಹಲವು ಕಿಲೋಮೀಟರು ಓಡುತ್ತದೆ. ಉಪಕರಣಗಳ ವೇಳೆ ಒಂದಾಗದಿದ್ದರೆ ಅದು ಬಂದ ದಿಕ್ಕೇ ತಪ್ಪುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳಲ್ಲಿ ವಿದ್ಯುತ್ತು ನಿಂತಾಗ, ಅನೇಕ ದಾಖಲೆ ಯಂತ್ರಗಳ ಗಡಿಯಾರ ಹೊಂದದೆ, ಯಾವುದು ಮೊದಲು ಕೆಟ್ಟಿತೆಂದು ಕ್ರಮ ಹಚ್ಚಲು ತನಿಖೆಯವರು ಬಹಳ ಶ್ರಮಪಟ್ಟರು. ಎಲ್ಲ ಯಂತ್ರಗಳೂ ಒಂದೇ ವೇಳೆಗೆ ಹೊಂದಿಕೊಂಡಿರಬೇಕೆಂದು ಅವರ ವರದಿ ಶಿಫಾರಸು ಮಾಡಿತು. ಉಪಗ್ರಹದಿಂದ ವೇಳೆ ಪಡೆಯುವ ಸಾಧನವಿದ್ದರೆ ಅದು ಸುಲಭ.

ನಮ್ಮಂಥವರಿಗೆ ಒಂದು ನೋಟುಬುಕ್ಕು ಸಾಕು. ತಾರೀಖು, ಯಂತ್ರದ ವೇಳೆ, ಸರಿಯಾದ ವೇಳೆ, ಇಷ್ಟು ಬರೆದಿಡಿ. ಪಾಳಿಯ ನಡುವೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಡಿ. ಅದೇ ನಿಮಿಷ ಎರಡು ಸಲ ಬಂದು ದಾಖಲೆ ಗೋಜಲಾಗುತ್ತದೆ. ತಿದ್ದಲೇಬೇಕಾದರೆ ಎಷ್ಟು ತಿದ್ದಿದಿರೆಂದು ಬರೆದು ರುಜು ಹಾಕಿರಿ.