ಐದಡಿಯ ಗೆರೆ

ನಕ್ಷೆಯ ವಿಷಯವನ್ನು ಬಾನುಲಿಯಲ್ಲಿ ಮಾತಾಡುವುದೆಂದರೆ ಎಲೆ ಹಾಕದೆ ಊಟ ಬಡಿಸಿದ ಹಾಗೆ. ತೋರಿಸಲು ನನ್ನ ಕೈಲಿ ಪಟವಿಲ್ಲ. ನೀವೇ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು.

ಆಂಧ್ರದಲ್ಲಿ ಕೃಷ್ಣಾ, ಗೋದಾವರಿ ನದಿಗಳ ಮುಖಜಭೂಮಿಗಳ ನಡುವೆ ಕೊಲ್ಲೇರು ಎಂಬ ದೊಡ್ಡ ಸಿಹಿನೀರಿನ ಸರೋವರವಿದೆ. 1999ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದಾಗ ಎಲ್ಲೆಯೆಂದು ಹಿಡಿದದ್ದು ಸಮುದ್ರಮಟ್ಟದಿಂದ ಐದಡಿ ಎತ್ತರದ ಗೆರೆಯನ್ನು. ಅಂಗೈಯಂತೆ ಸಮತಟ್ಟಾದ ಆ ನೆಲದಲ್ಲಿ ಐದಡಿ ಎಲ್ಲಿ ಮುಗಿಯುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ನೀರು, ಬೇಸಿಗೆಯಲ್ಲಿ ಒಣನೆಲ. ಘೋಷಣೆಯ ಹೊತ್ತಿಗಾಗಲೇ ಗೆರೆಯ ಒಳಗೆ ಮೀನಿನ ಹೊಂಡಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದವು. ಉಪಗ್ರಹದ ಚಿತ್ರದಲ್ಲಿ ಸರೋವರ ಚೌಕುಳಿ ಪಂಚೆಯಂತೆ ಕಾಣುತ್ತಿತ್ತು. 2006ರಲ್ಲಿ ಯಂತ್ರಗಳನ್ನು ತಂದು ಕಟ್ಟೆಗಳನ್ನು ಒಡೆಸಿದರು. ನಕ್ಷೆಯೇನೋ ಇತ್ತು, ಆದರೆ ಜನ ಹೊಂಡ ತೋಡಿ ಹಣ ಸುರಿದಾದ ಮೇಲೆ ಅದು ಕೆಲಸಕ್ಕೆ ಬಂತು.

ತೋಡುವ ಮೊದಲೇ ನಕ್ಷೆ ನೋಡುವ ಆಲೋಚನೆ ಹೊಸದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1987ರಲ್ಲೇ ಕೋಸ್ಟರಿಕಾದ ನಿಕೋಯಾ ಕೊಲ್ಲಿಯಲ್ಲಿ ಕಂಪ್ಯೂಟರ್ ನಕ್ಷೆ ಮತ್ತು ಉಪಗ್ರಹ ಚಿತ್ರಗಳಿಂದ ಜಲಕೃಷಿಗೆ ಒಗ್ಗುವ ಜಾಗ ಹುಡುಕಿತ್ತು. ಅಂದು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದ ಆ ವಿದ್ಯೆ ಈಗ ಸಾಮಾನ್ಯ ಲ್ಯಾಪ್‌ಟಾಪ್‌ಗೂ ಇಳಿದಿದೆ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳಿಗೂ ಕೊಡಬೇಕಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ? ನಮ್ಮ ಕುಮಟಾದ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳೋಣ. ಹೊಳೆಯ ಇಕ್ಕೆಲದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಕಾಂಡ್ಲಾ ಎಂಬ ಮ್ಯಾಂಗ್ರೋವ್ ಕಾಡು, ಸಾಣಿಕಟ್ಟೆಯ ಉಪ್ಪಿನ ಆಗರ, ಅಲ್ಲಲ್ಲಿ ಸೀಗಡಿ ಹೊಂಡಗಳು. ಇಡೀ ಪ್ರದೇಶವನ್ನು ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ಜರಡಿಗೆ ಹಾಕಿದಂತೆ ಸೋಸುತ್ತಾರೆ. ಮೊದಲ ಜರಡಿ ಕಾನೂನು. ಕರಾವಳಿ ಜಲಕೃಷಿ ಪ್ರಾಧಿಕಾರದ 2005ರ ಕಾಯ್ದೆ, ಕರಾವಳಿ ನಿಯಂತ್ರಣ ವಲಯದ ನಿಯಮಗಳು ಕೂಡದು ಎಂದ ಚೌಕಕ್ಕೆ ಸೊನ್ನೆ. ಕಾಂಡ್ಲಾ ಇರುವ ಚೌಕಕ್ಕೂ ಸೊನ್ನೆ. ಉಳಿದವಕ್ಕೆ ಮಣ್ಣು, ನೀರಿನ ಉಪ್ಪು, ಆಳ, ರಸ್ತೆ ಎಷ್ಟು ದೂರ ಎಂದು ನೋಡಿ ಅಂಕ ಕೊಟ್ಟು ಕೂಡುತ್ತಾರೆ.

ಕೂಡುವಲ್ಲೇ ಎಡವುವುದು. ರಸ್ತೆಗೆ ಹತ್ತಕ್ಕೆ ಹತ್ತು, ಮಣ್ಣಿಗೆ ಎರಡು ಬಂದರೆ ಒಟ್ಟು ಅಂಕ ಪರವಾಗಿಲ್ಲ ಅನಿಸುತ್ತದೆ. ಆದರೆ ಹಳೆಯ ಕಾಂಡ್ಲಾ ಕೆಸರಿನಲ್ಲಿ ಗಂಧಕ ಸೇರಿದ ಕಬ್ಬಿಣದ ಖನಿಜವಿರುತ್ತದೆ. ಅಗೆದು ಗಾಳಿಗೆ ಒಡ್ಡಿದರೆ ಅದು ಗಂಧಕಾಮ್ಲವಾಗಿ ಹೊಂಡದ ನೀರನ್ನೇ ಹುಳಿಯಾಗಿಸುತ್ತದೆ. ಬಾಗಿಲಿಗೇ ಲಾರಿ ಬರುತ್ತದೆಂದು ಆ ಹುಳಿ ಇಳಿಯುವುದಿಲ್ಲ. ಆದ್ದರಿಂದ ಯಾವುದನ್ನು ಕೂಡಬೇಕು, ಯಾವುದನ್ನು ಸೊನ್ನೆಯಿಂದ ಗುಣಿಸಬೇಕು ಎಂಬುದನ್ನು ಮನುಷ್ಯರು ಕೂತು ಮಾತಾಡಿ ತೀರ್ಮಾನಿಸಬೇಕಾಗುತ್ತದೆ. ಯಂತ್ರ ಹೇಳಿದಷ್ಟನ್ನು ಮಾಡುತ್ತದೆ, ಅಷ್ಟೇ.

ಇನ್ನೊಂದು, ನೀರಿನ ಉಪ್ಪು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಬೇಸಿಗೆಯಲ್ಲಿ ಅಳಿವೆಯ ನೀರು ಸಮುದ್ರದ್ದೇ ಅನ್ನುವಷ್ಟು ಉಪ್ಪು. ಆಷಾಢದ ಮಳೆ ಹಿಡಿದರೆ ಅದೇ ನೀರು ಸಪ್ಪೆ. ಗಜನಿಯ ರೈತರಿಗೆ ಈ ಲೆಕ್ಕ ಎಂದೋ ಗೊತ್ತು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟುಕೊಂಡು ಮೀನು, ಶೆಟ್ಲಿ ಅಂದರೆ ಸೀಗಡಿ. ಒಂದೇ ದಿನದ ಉಪ್ಪಿನಳತೆ ಹಿಡಿದು ಮಾಡಿದ ನಕ್ಷೆಗಿಂತ ಅವರ ಪಂಚಾಂಗವೇ ಮೇಲು. ಅಷ್ಟು ಇಕ್ಕಟ್ಟಾದ ಹೊಳೆಯ ಉಪ್ಪನ್ನು ಉಪಗ್ರಹ ಅಳೆಯಲಾರದು, ಕದಡಿದ ನೀರಿನಡಿಯ ಆಳವನ್ನೂ ಕಾಣಲಾರದು. ದೋಣಿಯಲ್ಲಿ ಹೋಗಿ ತಿಂಗಳು ತಿಂಗಳೂ ಅಳೆಯಬೇಕು.

ಉಪಗ್ರಹಕ್ಕೆ ಚೆನ್ನಾಗಿ ಗೊತ್ತಿರುವುದು ಹೊಂಡಗಳ ಲೆಕ್ಕ. ರೇಡಾರ್ ಕಿರಣಗಳಿಗೆ ಮೋಡ ಅಡ್ಡಿಯಾಗುವುದಿಲ್ಲ. ನಿಂತ ನೀರಿನ ಮೇಲೆ ಬಿದ್ದ ಕಿರಣ ಕನ್ನಡಿಗೆ ಬಡಿದಂತೆ ಆಚೆ ಚಿಮ್ಮುವುದರಿಂದ ಹೊಂಡ ಕಪ್ಪಾಗಿ, ಸುತ್ತಲಿನ ಕಟ್ಟೆ ಬಿಳುಪಾಗಿ ಮೂಡುತ್ತದೆ. ಒಂದೇ ಕಾಲುವೆಯ ದಡದಲ್ಲಿ ಎಷ್ಟು ಹೊಂಡಗಳಿವೆ ಎಂದು ಹೀಗೆ ಎಣಿಸಬಹುದು. ನನ್ನ ಮಟ್ಟಿಗೆ ಈ ವಿದ್ಯೆಯ ನಿಜವಾದ ಪ್ರಯೋಜನ ಇದು. ತನ್ನ ಕಟ್ಟೆಯ ಮೇಲೆ ನಿಂತವನಿಗೆ ತನ್ನ ಹೊಂಡ ಕಾಣುತ್ತದೆ. ಮೇಲಿನವನು ಬಿಟ್ಟ ಕೊಳಕು ನೀರೇ ತನ್ನ ತೂಬಿನಿಂದ ಒಳಗೆ ಬರುತ್ತಿರುವುದು ಕಾಣುವುದಿಲ್ಲ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ನಮ್ಮ ಸೀಗಡಿ ಹೊಂಡಗಳನ್ನು ಬರಿದು ಮಾಡಿದಾಗ, ಅದು ಹಬ್ಬಿದ ದಾರಿಗಳಲ್ಲಿ ಹೀಗೆ ಹಂಚಿಕೊಂಡ ನೀರೂ ಒಂದು. ಕಾಲುವೆಯೊಂದು ಹತ್ತು ಹೊಂಡ ತಾಳೀತು, ಐವತ್ತು ತಾಳದು. ಹನ್ನೊಂದನೆಯವನಿಗೆ ಅನುಮತಿ ಕೊಡುವ ಮೊದಲು ಆ ಚಿತ್ರ ಮೇಜಿನ ಮೇಲಿರಬೇಕು.

ನೀವೇ ನೋಡಬೇಕೆಂದಿದ್ದರೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹೊಂಡದ ಕನಸಿದ್ದವರಿಗೆ ಅದೊಂದು ಶುರು.

ಅಘನಾಶಿನಿ ಅಳಿವೆ ಈಗ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿದೆ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಮೊಣಕಾಲವರೆಗಿನ ಕೆಸರಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಉಪಗ್ರಹದ ಚಿತ್ರದಲ್ಲಿ ಆ ಜಾಗ ಖಾಲಿ. ಮನೆಯಿಲ್ಲ, ಗದ್ದೆಯಿಲ್ಲ, ಮರವಿಲ್ಲ, ಹೊಂಡಕ್ಕೆ ಹೇಳಿ ಮಾಡಿಸಿದ ಹಾಗೆ. ನಕ್ಷೆ ಮಾಡುವವರು ಜಿಪಿಎಸ್ ಹಿಡಿದು ಆ ಹೆಂಗಸರ ಬೆನ್ನಿಗೆ ಒಂದು ಇಳಿತದ ಹೊತ್ತು ನಡೆದರೆ, ಉಪ್ಪು, ಮಣ್ಣು, ಆಳ, ರಸ್ತೆಗಳ ಜೊತೆಗೆ ಬಳಚು ಎಂಬ ಹೊಸ ಪದರವೊಂದು ಸೇರುತ್ತದೆ. ಅಲ್ಲಿನ ಚೌಕಗಳಿಗೆ ಕೊಡಬೇಕಾದ ಅಂಕ, ನನ್ನ ಲೆಕ್ಕದಲ್ಲಿ, ಸೊನ್ನೆ.